ವಾರ್ಮರಿನಲ್ಲಿ ಮಗು, ಊರಿನಲ್ಲಿ ತಾಯಿ: ಒಂದು ಪ್ರಕರಣ

ಮಗು ಹುಟ್ಟಿದ್ದು 29 ವಾರಕ್ಕೆ, ಜುಲೈ ತಿಂಗಳ ಜಡಿಮಳೆಯಲ್ಲಿ. ಹೆಣ್ಣು, 1,140 ಗ್ರಾಂ. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, 52 ದಿನ ಇದ್ದು ಮನೆಗೆ ಹೋಯಿತು. ವೈದ್ಯರ ಕಣ್ಣಿಗೆ ಇದು ಅಪರೂಪದ ಪ್ರಕರಣವೇನಲ್ಲ. 37 ವಾರ ತುಂಬುವ ಮೊದಲು ಹುಟ್ಟಿದ್ದೆಲ್ಲ ಅವಧಿಪೂರ್ವ ಜನನ, 32ಕ್ಕಿಂತ ಮೊದಲಾದರೆ ಅತಿ ಅವಧಿಪೂರ್ವ. ಅಂಥ ಮಕ್ಕಳನ್ನು ಈ ಊರಿನ ಆಸ್ಪತ್ರೆಗಳು ವರ್ಷವಿಡೀ ನೋಡುತ್ತವೆ. ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಮಗುವಿನ ಉಸಿರಿಗೆ, ಆಹಾರಕ್ಕೆ, ಕಣ್ಣಿಗೆ ಎಲ್ಲಕ್ಕೂ ಮೊದಲ ದಿನವೇ ಒಂದು ಚೀಟಿಯ ಮೇಲೆ ಯೋಜನೆ ಸಿದ್ಧವಾಗಿತ್ತು. ತಾಯಿ ಎಲ್ಲಿ ಮಲಗಬೇಕು, ಅವಳ ಊಟ ಎಲ್ಲಿಂದ ಬರಬೇಕು ಎಂದು ಯಾರೂ ಬರೆದಿರಲಿಲ್ಲ. ಮುಂದೆ ಎದುರಾದ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಖಾಲಿ ಜಾಗದಿಂದಲೇ ಬಂದವು.

ನಾನು ವೈದ್ಯೆಯಲ್ಲ. ಎದೆಹಾಲು ಕುಡಿಸುವುದರ ಬಗ್ಗೆ ತಾಯಂದಿರಿಗೆ ಹೇಳಿಕೊಡುವುದು ನನ್ನ ಕೆಲಸ. ಆಸ್ಪತ್ರೆಗಳು ಕರೆದಾಗ ಹೋಗುತ್ತೇನೆ. ಕುಟುಂಬದ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಊರು ಹೊಸನಗರ ತಾಲ್ಲೂಕಿನಲ್ಲಿ. ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗಕ್ಕೆ ಬರಬೇಕು. ಮನೆಯಿಂದ ಬಸ್ಸಿನ ರಸ್ತೆಯವರೆಗೆ ನಡೆಯುವುದೂ ಸೇರಿ ಮಳೆಗಾಲದಲ್ಲಿ ಮೂರು ಗಂಟೆಯ ದಾರಿ. ಸ್ವಲ್ಪ ಅಡಿಕೆ ತೋಟ, ಎರಡು ಹಸು. ಮನೆಯಲ್ಲಿ ಗಂಡ, ಅತ್ತೆ, ನಾಲ್ಕು ವರ್ಷದ ಮೊದಲನೇ ಮಗ. ತಾಯಿಗೆ 27 ವರ್ಷ. ಮೊದಲನೇ ಹೆರಿಗೆ ತೊಂದರೆ ಇಲ್ಲದೆ ಆಗಿತ್ತು. ಹಾಗಾಗಿ ಈ ಸಲ ಕಾಲು ಬಾತಾಗ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ತಲೆನೋವು ಶುರುವಾಗಿ, ಕಣ್ಣು ಮಂಜಾದಾಗ ಆಶಾ ಕಾರ್ಯಕರ್ತೆ ಬಿಪಿ ನೋಡಿಸಿದರು: 170/110.

ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ಕೆಲಸ ಬೇಗ ಆದವು. ಫಿಟ್ಸ್ ಬರದಂತೆ ಮೆಗ್ನೀಶಿಯಂ ಸಲ್ಫೇಟ್, ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಾಸೋನ್ ಇಂಜೆಕ್ಷನ್. ಈ ಎರಡನೆಯದು 6 ಮಿ.ಗ್ರಾಂ.ನಂತೆ 12 ಗಂಟೆಗೊಂದು, ಒಟ್ಟು ನಾಲ್ಕು ಡೋಸ್. ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಹಳ್ಳಿಯ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳೇ ಮೊದಲ ಡೋಸ್ ಕೊಡಬಹುದು ಎಂದು ಕೇಂದ್ರ ಸರ್ಕಾರ 2014ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಇಲ್ಲಿ ಎರಡು ಡೋಸ್ ಆಗುವಷ್ಟರಲ್ಲಿ ಬಿಪಿ ಹಿಡಿತಕ್ಕೆ ಸಿಗದೆ ಶಿವಮೊಗ್ಗದಲ್ಲಿ ಸಿಸೇರಿಯನ್ ಮಾಡಬೇಕಾಯಿತು. ಆ ಎರಡು ಡೋಸೂ ಕೆಲಸಕ್ಕೆ ಬಂತು ಎಂದು ಮಕ್ಕಳ ವೈದ್ಯರು ಆಮೇಲೂ ಹೇಳುತ್ತಿದ್ದರು.

"ಏಳಕ್ಕೆ ಹುಟ್ಟಿದ್ದು ಉಳೀತದೆ, ಎಂಟರದ್ದೇ ಕಷ್ಟ. ಇದು ಏಳರದ್ದಲ್ವಾ," ಎಂದು ಅತ್ತೆ ಮಗನಿಗೆ ಧೈರ್ಯ ಹೇಳಿದರಂತೆ. ಮಲೆನಾಡಿನಲ್ಲಿ ಈ ಮಾತು ಕೇಳದ ಮನೆಯೇ ಇಲ್ಲ. ಇದು ನಿಜವಲ್ಲ, ಹೊಟ್ಟೆಯಲ್ಲಿ ಕಳೆದ ಪ್ರತಿ ವಾರವೂ ಮಗುವಿಗೆ ಲಾಭ, ಎಂಟು ತಿಂಗಳ ಮಗು ಏಳರದ್ದಕ್ಕಿಂತ ಸುಲಭವಾಗಿ ಉಳಿಯುತ್ತದೆ. ಆ ರಾತ್ರಿ ಅವರನ್ನು ತಿದ್ದಲು ಯಾರೂ ಹೋಗಲಿಲ್ಲ, ಸದ್ಯ.

ಮೊದಲ ವಾರ

ಮಗುವಿಗೆ ವೆಂಟಿಲೇಟರ್ ಬೇಕಾಗಲಿಲ್ಲ. ಶ್ವಾಸಕೋಶ ಅಂಟಿಕೊಳ್ಳದಂತೆ ಒಂದು ಸಲ ಸರ್ಫ್ಯಾಕ್ಟಂಟ್ ಕೊಟ್ಟು, ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್‌ನಲ್ಲಿ ಐದು ದಿನ ಇಟ್ಟರು. ರಕ್ತದ ಆಮ್ಲಜನಕ ಶೇಕಡಾ 90ರಿಂದ 95ರೊಳಗೆ ಇರಬೇಕು ಎಂಬುದು ಸಿಸ್ಟರುಗಳ ಕಟ್ಟಪ್ಪಣೆ. "ನೂರು ಇದ್ರೆ ಇನ್ನೂ ಒಳ್ಳೇದಲ್ವಾ?" ಎಂದು ಅಪ್ಪ ಕೇಳಿದ್ದರು. ಹೊರಗಿನಿಂದ ಆಮ್ಲಜನಕ ಕೊಟ್ಟು ನೂರಕ್ಕೆ ಏರಿಸಿದರೆ ಇಷ್ಟು ಸಣ್ಣ ಮಕ್ಕಳ ಕಣ್ಣಿನ ರಕ್ತನಾಳಗಳಿಗೆ ಪೆಟ್ಟು. ಇದು ಗೊತ್ತಾದ ಮೇಲೆ ಅವರು ಮಾನಿಟರನ್ನು ನೋಡುವ ರೀತಿಯೇ ಬದಲಾಯಿತು, 98 ಕಂಡರೂ ಸಿಸ್ಟರನ್ನು ಕೂಗುತ್ತಿದ್ದರು.

ಇನ್ನೊಂದು ಕಾಟ ಉಸಿರು ನಿಲ್ಲುವುದು. ಮಿದುಳು ಬಲಿಯದ ಮಕ್ಕಳು 20 ಸೆಕೆಂಡಿಗೂ ಹೆಚ್ಚು ಉಸಿರಾಡದೆ ಇದ್ದುಬಿಡಬಹುದು. ಅಂಗಾಲು ತಟ್ಟಿದರೆ ಅಥವಾ ಬೆನ್ನು ಸವರಿದರೆ ಮತ್ತೆ ಶುರು. ಇದಕ್ಕೆ ಕೆಫೀನ್ ಔಷಧಿ ಕೊಡುತ್ತಾರೆ. ಕಾಫಿ ಸೀಮೆ ಪಕ್ಕದಲ್ಲೇ ಇರುವ ನಮಗೆ ಇದು ತಮಾಷೆಯಾಗಿ ಕೇಳಿಸುತ್ತದೆ, ತಾಯಿಯೂ ಆ ವಾರ ನಕ್ಕಿದ್ದು ಅದಕ್ಕೊಂದಕ್ಕೇ ಇರಬೇಕು.

ಹುಟ್ಟುವಾಗಿನ ತೂಕ 1,010 ಗ್ರಾಂಗೆ ಇಳಿಯಿತು. ಮೊದಲ ವಾರ ಹೀಗೆ ಹತ್ತರಿಂದ ಹದಿನೈದು ಶೇಕಡಾ ಇಳಿಯುವುದು ವಾಡಿಕೆ ಎಂದು ಮುಂಚೆಯೇ ಹೇಳಿದ್ದರಿಂದ ಗಾಬರಿ ಕಡಿಮೆಯಾಯಿತು.

ತಾಯಿ ಡಿಸ್ಚಾರ್ಜ್ ಆದ ದಿನದಿಂದ

ಆರನೇ ದಿನ ತಾಯಿಯನ್ನು ಡಿಸ್ಚಾರ್ಜ್ ಮಾಡಿದರು. ಮಗು ಒಳಗೆ, ತಾಯಿಯ ಹಾಸಿಗೆ ಇನ್ನೊಬ್ಬರಿಗೆ. ಆಸ್ಪತ್ರೆಯಲ್ಲಿ ತಾಯಂದಿರಿಗೆ ಬೇರೆ ಕೋಣೆ ಇರಲಿಲ್ಲ. ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊಲಿಗೆ ಹಾಕಿದ ಹೊಟ್ಟೆ ಹಿಡಿದು ಎಷ್ಟು ಹೊತ್ತು ಕೂರುವುದು? "ಹಸಿ ಬಾಣಂತಿ, ಗಾಳಿ ತಾಗಿದ್ರೆ ಜನ್ಮವಿಡೀ ಸೊಂಟನೋವು. ಮಗು ಹ್ಯಾಗೂ ಡಾಕ್ಟ್ರ ಹತ್ರ ಇದೆ," ಎಂದು ಅತ್ತೆ ಅವಳನ್ನು ಊರಿಗೆ ಕರೆದುಕೊಂಡು ಹೋದರು. ಅತ್ತೆಯನ್ನು ದೂರುವಂತಿಲ್ಲ, ಅವರ ಮುಂದೆ ಬೇರೆ ದಾರಿ ಯಾರೂ ಇಟ್ಟಿರಲಿಲ್ಲ. ಮನೆಯಲ್ಲಿ ನಾಲ್ಕು ವರ್ಷದವನು ಅಮ್ಮ ಬೇಕೆಂದು ಊಟ ಬಿಟ್ಟಿದ್ದ.

ಎದೆಹಾಲಿನ ವಿಷಯದಲ್ಲಿ ಒಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ, ಎಷ್ಟೋ ಸಲ ಒಳಗಿನವರಿಗೂ. ಮೊದಲ ಎರಡು ವಾರ ಈ ಮಕ್ಕಳಿಗೆ ಹಾಲು ಬೇಕಾಗುವುದು ತೀರಾ ಸ್ವಲ್ಪ. ಎರಡು ಗಂಟೆಗೊಮ್ಮೆ ಬಾಯಿಯಿಂದ ಹೊಟ್ಟೆಗೆ ಇಳಿಸಿದ ಕೊಳವೆಯಲ್ಲಿ ಎರಡು ಮಿ.ಲೀ., ನಾಲ್ಕು ಮಿ.ಲೀ. ತಾಯಿ ಹಿಂಡಿದ್ದು ಉಳಿಯುತ್ತದೆ. "ಸಾಕಷ್ಟಿದೆ" ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಮುಂದಿನ ತಿಂಗಳುಗಳಿಗೆ ಎಷ್ಟು ಹಾಲು ಬರಬೇಕು ಎಂದು ಮೈ ತೀರ್ಮಾನಿಸುವುದೂ ಇದೇ ಎರಡು ವಾರದಲ್ಲಿ, ಎಷ್ಟು ಸಲ ಎದೆ ಖಾಲಿಯಾಯಿತು ಎಂಬುದರ ಮೇಲೆ. ದಿನಕ್ಕೆ ಎಂಟು ಸಲ, ಅದರಲ್ಲಿ ಒಂದಾದರೂ ನಡುರಾತ್ರಿ ಕಳೆದ ಮೇಲೆ ಹಿಂಡಬೇಕು. ಹಾಲು ಹುಟ್ಟಿಸುವ ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚಿರುತ್ತದೆ. ಎರಡನೇ ವಾರದ ಕೊನೆಗೆ ದಿನಕ್ಕೆ 500 ಮಿ.ಲೀ. ಹತ್ತಿರ ಬಂದರೆ ಮುಂದೆ ಹೆದರಬೇಕಿಲ್ಲ ಎಂಬುದು ನಮ್ಮ ಕಡೆಯ ಲೆಕ್ಕ. ಮಗುವಿಗೆ ಆಗ ಅದರ ಅರ್ಧವೂ ಬೇಕಿರುವುದಿಲ್ಲ. ಆದರೂ ಬರಬೇಕು.

ಊರಿನಲ್ಲಿ ಅವಳು ದಿನಕ್ಕೆ ಮೂರು ಸಲ ಹಿಂಡುತ್ತಿದ್ದಳು, ಎದೆ ಗಟ್ಟಿಯಾಗಿ ನೋಯುವಾಗ. ಹಿಂಡಿದ್ದನ್ನು ಏನು ಮಾಡುವುದೆಂದು ಗೊತ್ತಿಲ್ಲದೆ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಒಂದು ದಿನ ಗಂಡ ಫ್ಲಾಸ್ಕಿಗೆ ಐಸ್ ತುಂಬಿ, ಹಾಲಿನ ಡಬ್ಬಿ ಇಟ್ಟು, ಪರಿಚಯದ ಕಂಡಕ್ಟರ ಕೈಯಲ್ಲಿ ಬಸ್ಸಿಗೆ ಕೊಟ್ಟು ಕಳಿಸಿದರು. ನಮ್ಮ ಬಸ್ಸುಗಳು ಹೂವಿನಿಂದ ಹಿಡಿದು ಮಿಕ್ಸಿ ಜಾರಿನವರೆಗೆ ಎಲ್ಲವನ್ನೂ ಮುಟ್ಟಿಸುತ್ತವೆ, ಇದನ್ನೂ ಮುಟ್ಟಿಸಿದವು. ಐಸ್ ಕರಗಿ ಎಷ್ಟು ಹೊತ್ತಾಗಿತ್ತೋ ತಿಳಿಯದು ಎಂದು ಸಿಸ್ಟರ್ ಅದನ್ನು ಬಳಸಲಿಲ್ಲ. ಸರಿಯಾದ ತೀರ್ಮಾನವೇ. ಆದರೆ ಬೇಡ ಎಂದು ಹೇಳುವಾಗ ಜೊತೆಗೆ ಏನು ಮಾಡಬೇಕು ಎಂದೂ ಹೇಳಬೇಕಿತ್ತು, ಹೇಳಲಿಲ್ಲ. ಫ್ಲಾಸ್ಕ್ ಮತ್ತೆ ಬರಲಿಲ್ಲ.

ಹದಿಮೂರನೇ ದಿನ ನನ್ನನ್ನು ಕರೆಸಿದಾಗ ಮಗುವಿಗೆ ಪುಡಿ ಹಾಲು ನಡೆಯುತ್ತಿತ್ತು. ತಾಯಿಯ ಹಾಲು ದಿನಕ್ಕೆ 90 ಮಿ.ಲೀ. ಆಸುಪಾಸಿಗೆ ಇಳಿದಿತ್ತು. ಮರುದಿನ ಮಗುವಿನ ಹೊಟ್ಟೆ ಉಬ್ಬಿತು, ಉಸಿರು ನಿಲ್ಲುವುದು ಹೆಚ್ಚಾಯಿತು. ಹಾಲು ನಿಲ್ಲಿಸಿ, ಡ್ರಿಪ್ ಹಾಕಿ, ಸೋಂಕಿನ ಅನುಮಾನದ ಮೇಲೆ ಆಂಟಿಬಯೋಟಿಕ್ ಶುರು ಮಾಡಿದರು. ಅಪ್ಪ ಫೋನಿನಲ್ಲಿ ಹೇಳಿದಾಗ ತಾಯಿ ಹೊರಟು ಬಂದುಬಿಟ್ಟಳು, ಮಳೆಯಲ್ಲೇ, ಅತ್ತೆಯ ಮಾತು ಮೀರಿ.

"ನಾನು ಇಲ್ಲೇ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ ಅಲ್ವಾ ಅಕ್ಕಾ?"

ಇದಕ್ಕೆ ಪ್ರಾಮಾಣಿಕ ಉತ್ತರ ಕಷ್ಟ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಕರುಳು ಕೊಳೆಯುವ ಕಾಯಿಲೆಯನ್ನು ತಾಯಿಹಾಲು ಕಡಿಮೆ ಮಾಡುತ್ತದೆ ಎಂಬುದು ಚೆನ್ನಾಗಿ ಸಾಬೀತಾದ ಸಂಗತಿ. ಆದರೆ ಈ ಮಗುವಿನ ಎಕ್ಸ್‌ರೇಯಲ್ಲಿ ಆ ಕಾಯಿಲೆ ಕಾಣಲಿಲ್ಲ, ರಕ್ತದ ಕಲ್ಚರ್‌ನಲ್ಲೂ ಏನೂ ಬೆಳೆಯಲಿಲ್ಲ. ಮೂರು ದಿನಕ್ಕೆ ಹೊಟ್ಟೆ ಇಳಿಯಿತು. ಪುಡಿ ಹಾಲಿನಿಂದಲೇ ಆಯಿತು, ತಾಯಿ ದೂರ ಇದ್ದುದರಿಂದಲೇ ಆಯಿತು ಎಂದು ಬರೆದರೆ ಪ್ರಕರಣ ಅಚ್ಚುಕಟ್ಟಾಗಿ ಕಾಣುತ್ತದೆ, ಸತ್ಯ ಹಾಗಿಲ್ಲ. ನಿನ್ನಿಂದ ಆಗಿದ್ದಲ್ಲ ಎಂದೆ, ಇನ್ನು ಮುಂದೆ ನಿನ್ನಿಂದ ಆಗಬೇಕಾದ್ದು ಬೇಕಾದಷ್ಟಿದೆ ಎಂದೂ ಹೇಳಿದೆ.

ಅದೇ ದಿನ ಸಿಸ್ಟರೊಬ್ಬರು ಸುಮ್ಮನೆ ಅವಳ ಬಿಪಿ ನೋಡಿದರು: 150/100. ಊರಿಗೆ ಹೋದ ಮೇಲೆ ತಲೆನೋವು ನಿಂತಿತೆಂದು ಮಾತ್ರೆ ಬಿಟ್ಟಿದ್ದಳು. ಹೆರಿಗೆಯೊಂದಿಗೆ ಬಸುರಿನ ಬಿಪಿ ಮುಗಿಯುವುದಿಲ್ಲ, ಆಮೇಲೂ ವಾರಗಟ್ಟಲೆ ನೋಡಬೇಕು. ಮಗುವಿನ ಸುತ್ತ ಇಷ್ಟು ಜನ ಇರುವಾಗ ತಾಯಿಯೂ ರೋಗಿಯೇ ಎಂಬುದು ಎಲ್ಲರಿಗೂ ಮರೆತಿತ್ತು.

ಕೋಣೆ

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಕಾಲೇಜು ಹುಡುಗಿಯರಿಗೆ ಬಾಡಿಗೆಗೆ ಕೊಡುವ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ಹುಡುಕಿಕೊಟ್ಟಿದ್ದು ಲ್ಯಾಬಿನ ಹುಡುಗ. ಬಾಡಿಗೆಗೆ, ಆಸ್ಪತ್ರೆ ಬಿಲ್ಲಿಗೆ ಸೇರಿಸಿ ಅಪ್ಪ ಮಂಡಿಯಲ್ಲಿ ಮುಂದಿನ ಅಡಿಕೆಯ ಮೇಲೆ ಮುಂಗಡ ತಂದರು. ಸರ್ಕಾರಿ ಆಸ್ಪತ್ರೆಯಾಗಿದ್ದರೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಚಿಕಿತ್ಸೆ, ಔಷಧಿ, ಓಡಾಟ ಉಚಿತ. 2011ರಲ್ಲಿ ಶುರುವಾದ ಈ ಯೋಜನೆ ಈಗ ಒಂದು ವರ್ಷದವರೆಗಿನ ಕಾಯಿಲೆಯ ಶಿಶುಗಳಿಗೂ ಅನ್ವಯಿಸುತ್ತದೆ. ಹೆರಿಗೆಯ ಗಾಬರಿಯಲ್ಲಿ ನೆಂಟರು ಹೇಳಿದ ಕಡೆ ಹೋಗಿ ಸೇರಿದ್ದರು. ಉಸಿರಾಟದ ನೆರವಿನಲ್ಲಿರುವ ಮಗುವನ್ನು ಬೇರೆಡೆಗೆ ಸಾಗಿಸುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ.

ತಾಯಿಯ ಅಮ್ಮ ಸಾಗರದ ಕಡೆಯಿಂದ ಕುಕ್ಕರ್, ಮೆಣಸು, ಬೆಳ್ಳುಳ್ಳಿ ಕಟ್ಟಿಕೊಂಡು ಬಂದರು. ಬಾಣಂತನ ಆ ಕೋಣೆಯಲ್ಲೇ ನಡೆಯಿತು. ಮೆಣಸಿನ ಸಾರು, ತುಪ್ಪದ ಅನ್ನ, ತಲೆಗೆ ಕಟ್ಟುವ ಬಟ್ಟೆ, ಯಾವುದಕ್ಕೂ ನಾನು ಅಡ್ಡ ಬರಲಿಲ್ಲ. ಹಟ ಹಿಡಿದಿದ್ದು ನೀರಿನ ವಿಷಯಕ್ಕೆ ಮಾತ್ರ. ಬಾಣಂತಿಗೆ ನೀರು ಕಡಿಮೆ ಕೊಡಬೇಕು ಎಂಬ ಪದ್ಧತಿ ಅವರಲ್ಲಿ ಗಟ್ಟಿ. ಕೊನೆಗೆ ಜೀರಿಗೆ ಹಾಕಿ ಕುದಿಸಿದ ನೀರಾದರೆ ಬಾಯಾರಿದಷ್ಟೂ ಕೊಡಬಹುದು ಎಂದು ರಾಜಿಯಾಯಿತು. ಅಜ್ಜಿ ಫ್ಲಾಸ್ಕಿನಲ್ಲಿ ತುಂಬಿ ವಾರ್ಡಿಗೇ ಕಳಿಸತೊಡಗಿದರು.

ಹಾಲು ಹಿಂಡುವ ವೇಳಾಪಟ್ಟಿಯನ್ನು ಅಜ್ಜಿಯ ಕೈಗೇ ಕೊಟ್ಟೆ. ರಾತ್ರಿ ಎರಡಕ್ಕೆ ಎಬ್ಬಿಸುವುದು ಅವರ ಪಾಲು. ಬಿಸಿ ಬಟ್ಟೆಯ ಶಾಖ, ಬೆರಳಿನಿಂದ ಉಜ್ಜುವುದು, ಆಮೇಲೆ ಕೈಯಿಂದ ಹಿಂಡುವುದು. ಹಗಲು ಆದಷ್ಟೂ ಮಗುವಿನ ಪಕ್ಕ ಕೂತೇ. ಮಗುವನ್ನು ಮುಟ್ಟಿದ ಮೇಲೆ ಹಿಂಡಿದರೆ ಹೆಚ್ಚು ಬರುತ್ತದೆ, ಇದನ್ನು ಅವಳೇ ಮೂರನೇ ದಿನ ಕಂಡುಕೊಂಡಳು. ಹತ್ತು ದಿನದಲ್ಲಿ 90 ಇದ್ದದ್ದು 320 ಮಿ.ಲೀ. ಆಯಿತು. 500 ಕೊನೆಗೂ ಆಗಲಿಲ್ಲ. ಮಗುವಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 150ರಿಂದ 180 ಮಿ.ಲೀ. ಬೇಕು, 1,300 ಗ್ರಾಂ ಮಗುವಿಗೆ ಸುಮಾರು 210. ಪುಡಿ ಹಾಲು ನಿಂತಿತು. ಪೌಷ್ಟಿಕಾಂಶ ಹೆಚ್ಚಿಸುವ ಪುಡಿಯನ್ನು ಮಾತ್ರ ತಾಯಿಹಾಲಿಗೇ ಬೆರೆಸುತ್ತಿದ್ದರು.

ಎದೆಗವಚಿಕೊಳ್ಳುವುದು

ಮಗುವನ್ನು ಬರಿಮೈಗೆ ತಾಗುವಂತೆ ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಶುರುವಾದದ್ದು 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯೊಂದರಲ್ಲಿ. ಬಡವರ ಉಪಾಯ ಎಂದು ಬಹಳ ಕಾಲ ಕಡೆಗಣಿಸಿದ್ದರು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಅಧ್ಯಯನ ಪ್ರಕಟವಾಯಿತು: 1,000ದಿಂದ 1,799 ಗ್ರಾಂ ತೂಕದ ಮಕ್ಕಳನ್ನು ಸ್ಥಿರವಾಗುವವರೆಗೆ ಕಾಯದೆ ಹುಟ್ಟಿದ ಕೂಡಲೇ ಎದೆಗೆ ಕಟ್ಟಿಕೊಂಡರೆ ಮೊದಲ 28 ದಿನದ ಸಾವು ಕಾಲುಭಾಗ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ದಿನಕ್ಕೆ 8ರಿಂದ 24 ಗಂಟೆ ಎಂದು ಶಿಫಾರಸು ಮಾಡಿತು. ಅಂದಮೇಲೆ ತಾಯಿ ಅಲ್ಲೇ ಇರಬೇಕು. ತಾಯಿಗೊಂದು ಮಂಚ ಎನ್‌ಐಸಿಯು ಒಳಗೇ ಇರಬೇಕು ಎನ್ನುವುದು ನನ್ನ ಮಟ್ಟಿಗೆ ಸೌಕರ್ಯದ ಮಾತಲ್ಲ, ಚಿಕಿತ್ಸೆಯ ಮಾತು. ಇಲ್ಲಿ ಸಿಕ್ಕಿದ್ದು ಒರಗುವ ಒಂದು ಕುರ್ಚಿ.

ಹದಿನೆಂಟನೇ ದಿನ ಮೊದಲ ಸಲ ಒಂದು ಗಂಟೆ. ಮಗುವಿಗೆ ಟೋಪಿ, ಕಾಲುಚೀಲ, ಡಯಾಪರ್ ಬಿಟ್ಟರೆ ಬೇರೆ ಬಟ್ಟೆ ಇಲ್ಲ; ಎರಡು ಮೊಲೆಗಳ ನಡುವೆ ನೆಟ್ಟಗೆ, ಕಪ್ಪೆಯ ಹಾಗೆ ಕಾಲು ಮಡಚಿ, ತಲೆ ಒಂದು ಪಕ್ಕಕ್ಕೆ, ಕತ್ತು ಬಾಗದಂತೆ. ಸುತ್ತ ಬಟ್ಟೆ ಬಿಗಿದು ಕಟ್ಟುವುದು. ತಾಯಿ ಉಸಿರು ಬಿಗಿಹಿಡಿದು ಕೂತಿದ್ದಳು. ಮಗು ಮಾತ್ರ ಹಾಯಾಗಿ ನಿದ್ದೆ ಹೋಯಿತು. ನಾಲ್ಕನೇ ವಾರಕ್ಕೆ ದಿನಕ್ಕೆ ಎಂಟು ಗಂಟೆ ದಾಟಿತು, ಅಜ್ಜಿಯ ಪಾಲೂ ಸೇರಿ.

ಅಪ್ಪನ ವಿಷಯಕ್ಕೆ ಬಂದಾಗ ವಾರ್ಡಿನಲ್ಲಿ ತಕರಾರು. ಒಳಗೆ ತಾಯಂದಿರು ಇರುತ್ತಾರೆ, ಗಂಡಸು ಅಂಗಿ ಬಿಚ್ಚಿ ಕೂರುವುದು ಹೇಗೆ? ಪರದೆ ಎಳೆದು ಸಂಜೆ ಒಂದೂವರೆ ಗಂಟೆ ಅವರಿಗೆ ಮೀಸಲಿಟ್ಟರು. ಆಗ ಊರಿನಲ್ಲಿ ತೋಟಕ್ಕೆ ಔಷಧಿ ಹೊಡೆಸುವ ಕಾಲ. ಕೊಳೆರೋಗ ತಪ್ಪಿಸಲು ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಸಲೇಬೇಕು, ಮಳೆ ಒಂದಿಷ್ಟು ಬಿಡುವು ಕೊಟ್ಟ ಗಳಿಗೆಯಲ್ಲೇ. ಅವರು ಬಂದಾಗ ಉಗುರಿನ ಸಂದಿಯೆಲ್ಲ ನೀಲಿ. ಸಿಸ್ಟರ್ ಬಾಗಿಲಲ್ಲೇ ತಡೆದು ಕೋಣೆಗೆ ಕಳಿಸಿದರು: ಮೈ ತೊಳೆದು, ಉಗುರು ಕತ್ತರಿಸಿ, ತೋಟಕ್ಕೆ ಹಾಕದ ಅಂಗಿ ಹಾಕಿಕೊಂಡು ಬನ್ನಿ. ಎದೆಯ ಕೂದಲು ಬೋಳಿಸಬೇಕಾ ಎಂದು ನನ್ನನ್ನು ಕೇಳಲು ನಾಚಿ ಲ್ಯಾಬಿನ ಹುಡುಗನ ಮೂಲಕ ಕೇಳಿಸಿದರು. ಬೇಡ. ವಾರಕ್ಕೆ ಎರಡು ಮೂರು ಸಂಜೆ ಬಂದು ಕೂರುತ್ತಿದ್ದರು, ರಾತ್ರಿ ಕೋಣೆಯ ಹೊರಗಿನ ಜಗಲಿಯಲ್ಲಿ ಮಲಗಿ ಬೆಳಗಿನ ಮೊದಲ ಬಸ್ಸು. ಭಾನುವಾರ ಮಗನನ್ನೂ ಕರೆತರುತ್ತಿದ್ದರು. ಅವನು ತಂಗಿಯನ್ನು ನೋಡಿದ್ದು ಮೊಬೈಲಿನಲ್ಲಿ ಮಾತ್ರ.

ಕಣ್ಣು, ಒಳಲೆ, ಮನೆ

ಕಣ್ಣಿನ ಪರೀಕ್ಷೆಯ ಬಗ್ಗೆ ಕುಟುಂಬಕ್ಕೆ ಏನೂ ಗೊತ್ತಿರಲಿಲ್ಲ. 34 ವಾರಕ್ಕೆ ಮೊದಲು ಅಥವಾ 2,000 ಗ್ರಾಂಗಿಂತ ಕಡಿಮೆ ತೂಕಕ್ಕೆ ಹುಟ್ಟಿದ ಮಕ್ಕಳಿಗೆ ಒಂದು ತಿಂಗಳೊಳಗೆ ಕಣ್ಣಿನ ಒಳಪರದೆ, ಅಂದರೆ ರೆಟಿನಾ, ನೋಡಿಸಲೇಬೇಕು. 28 ವಾರಕ್ಕೂ ಮೊದಲು ಅಥವಾ 1,200 ಗ್ರಾಂಗಿಂತ ಕಡಿಮೆಯಾದರೆ ಎರಡು ಮೂರು ವಾರದಲ್ಲೇ. ರೋಗವಿದ್ದು ತಡವಾದರೆ ಕುರುಡಾಗಬಹುದು, ಸಮಯಕ್ಕೆ ಕಂಡರೆ ಲೇಸರ್ ಅಥವಾ ಇಂಜೆಕ್ಷನ್ನಿಂದ ದೃಷ್ಟಿ ಉಳಿಯುತ್ತದೆ. ಈ ಕೆಲಸದಲ್ಲಿ ಕರ್ನಾಟಕಕ್ಕೆ ಹೆಸರಿದೆ: ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗೇ ಹೋಗಿ ತೆಗೆದ ಚಿತ್ರಗಳನ್ನು ದೂರದಲ್ಲಿರುವ ತಜ್ಞರು ನೋಡುತ್ತಾರೆ. ಈ ಮಗುವಿಗೆ ಇಪ್ಪತ್ತನೇ ದಿನ ಮೊದಲ ಪರೀಕ್ಷೆ. ರೆಟಿನಾ ಇನ್ನೂ ಬಲಿತಿಲ್ಲ, ಎರಡು ವಾರ ಬಿಟ್ಟು ಮತ್ತೆ ಎಂದರು. ಕೊನೆಗೆ ಚಿಕಿತ್ಸೆ ಬೇಕಾಗಲಿಲ್ಲ.

ಚೀಪಿ, ನುಂಗಿ, ನಡುವೆ ಉಸಿರಾಡುವ ಹೊಂದಾಣಿಕೆ ಬರುವುದು 34 ವಾರದ ಹೊತ್ತಿಗೆ. ಅದಕ್ಕೂ ಮೊದಲು ಕೊಳವೆಯಿಂದ ಒಳಲೆಗೆ, ಅಂದರೆ ಮಕ್ಕಳಿಗೆ ಹಾಲು ಕುಡಿಸುವ ಸಣ್ಣ ಬಟ್ಟಲಿಗೆ, ಬರಬೇಕು. "ಒಳಲೆಯಾ? ಅದು ನಂಗೆ ಹೇಳಿಕೊಡ್ಬೇಕಾ," ಎಂದು ಅಜ್ಜಿ ಬೆಳ್ಳಿಯದನ್ನೇ ತರಿಸಿದರು. ಆಸ್ಪತ್ರೆಯವರು ಕುದಿಸಿದ ಸ್ಟೀಲಿನದೇ ಆಗಬೇಕು ಎಂದರು. ಆದರೆ ಕುಡಿಸುವ ಕೈ ಅಜ್ಜಿಯದೇ ವಾಸಿ: ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ನುಂಗುವವರೆಗೆ ಕಾಯುವ ತಾಳ್ಮೆ ಹೊಸ ಸಿಸ್ಟರುಗಳಿಗಿಂತ ಅವರಿಗೆ ಹೆಚ್ಚಿತ್ತು. ಅವರು ಒಪ್ಪದೆ ಇದ್ದುದು ಬಜೆ ತೇಯ್ದು ನೆಕ್ಕಿಸಬಾರದು ಎಂಬುದನ್ನು. ಆ ವಾದ ಮನೆಗೆ ಹೋಗುವ ದಿನದವರೆಗೂ ನಡೆಯಿತು.

ಐವತ್ತೆರಡನೇ ದಿನ ತೂಕ 1,800 ಗ್ರಾಂ. ಕೆಫೀನ್ ನಿಲ್ಲಿಸಿ ವಾರ ಕಳೆದಿತ್ತು, ಉಸಿರು ನಿಂತಿರಲಿಲ್ಲ. ನೇರವಾಗಿ ಎದೆಯಿಂದ ಕುಡಿದು ಉಳಿದಿದ್ದನ್ನು ಒಳಲೆಯಲ್ಲಿ ಕುಡಿಯುತ್ತಿತ್ತು. ಕಿವಿಯ ಪರೀಕ್ಷೆ ಆಗಿತ್ತು. ಕಬ್ಬಿಣ, ವಿಟಮಿನ್ ಡಿ ಹನಿಗಳು. ಲಸಿಕೆ ಹುಟ್ಟಿದ ದಿನದ ಲೆಕ್ಕದಲ್ಲಿ, ಬೆಳವಣಿಗೆ ಮಾತ್ರ ಹೆರಿಗೆಗೆ ಕೊಟ್ಟಿದ್ದ ದಿನಾಂಕದ ಲೆಕ್ಕದಲ್ಲಿ.

ಮನೆಗೆ ಹೋಗುವ ಮುಂಚೆ ಅತ್ತೆಯನ್ನು ಒಂದು ದಿನ ಕರೆಸಿ ಎಂದು ನಾನೇ ಹಟ ಮಾಡಿದ್ದೆ. ಮಗುವನ್ನು ಅವರ ಎದೆಗೇ ಕಟ್ಟಿದರು. ಆಮೇಲೆ ಮಾತು ಸುಲಭವಾಯಿತು: ಬಚ್ಚಲು ಒಲೆಯ ಹೊಗೆ, ಸಾಂಬ್ರಾಣಿ ಮಗುವಿನ ಹತ್ತಿರ ಬೇಡ, ಎಣ್ಣೆ ನೀರು ಸದ್ಯಕ್ಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಕೆಮ್ಮು ಇರುವವರು ಎತ್ತಿಕೊಳ್ಳಬಾರದು, ನಾಮಕರಣ ಎಷ್ಟು ಜನರಿಗೆ, ಯಾವಾಗ. ಹೊಗೆ ಇಲ್ಲದೆ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಹ್ಯಾಗೆ ಎಂದು ಅತ್ತೆ ಕೇಳಿದ ಪ್ರಶ್ನೆಗೆ ನಮ್ಮ ಯಾರ ಬಳಿಯೂ ತಕ್ಷಣ ಉತ್ತರ ಇರಲಿಲ್ಲ. ಕೊನೆಗೆ ಅವರೇ ಕೊಟ್ಟಿಗೆಯ ಅಟ್ಟದಲ್ಲಿ ಬೇರೆ ಒಲೆ ಹೂಡಿ ಬಟ್ಟೆ ಒಣಗಿಸಿ, ಇಸ್ತ್ರಿ ಹಾಕಿಸಿ ಕೊಡುತ್ತಿದ್ದರಂತೆ.

ಈಗ ಮಗುವಿಗೆ ಏಳು ತಿಂಗಳು, ತಿದ್ದಿದ ವಯಸ್ಸಿನಲ್ಲಿ, ಅಂದರೆ ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಿದರೆ, ನಾಲ್ಕೂವರೆ. ಕತ್ತು ನಿಂತಿದೆ, ಗಿಲಕಿಗೆ ಕೈ ಚಾಚುತ್ತದೆ. ಬಲಗಾಲಿನ ಸ್ನಾಯು ಸ್ವಲ್ಪ ಬಿಗಿ ಎಂದು ಕಳೆದ ಭೇಟಿಯಲ್ಲಿ ವೈದ್ಯರಿಗೆ ಅನ್ನಿಸಿ ಫಿಸಿಯೋಥೆರಪಿಗೆ ಕಳಿಸಿದ್ದಾರೆ. ಮನೆಯಲ್ಲಿ ಮಾಡಿಸುವ ವ್ಯಾಯಾಮವನ್ನು ತಾಯಿ ದಿನವೂ ಮಾಡಿಸುತ್ತಿದ್ದಾಳೆ, ಮಗನೂ ಪಕ್ಕದಲ್ಲಿ ಕಾಲೆತ್ತಿ ಮಲಗುತ್ತಾನಂತೆ. ತಾಯಿಯ ಬಿಪಿ ಮಾತ್ರೆ ನಿಂತಿದೆ. ಮಂಡಿಯ ಮುಂಗಡ ಈ ಸಲದ ಕೊಯ್ಲಿನಲ್ಲಿ ಪೂರ್ತಿ ತೀರಲಿಲ್ಲ. ಮುಂದಿನ ತಪಾಸಣೆ ತಿದ್ದಿದ ವಯಸ್ಸಿನ ಆರು ತಿಂಗಳಿಗೆ, ಆ ಹೊತ್ತಿಗೆ ಕಾಲಿನ ವಿಷಯ ಇನ್ನಷ್ಟು ಸ್ಪಷ್ಟವಾಗಬೇಕು.